ಆರಿದ ಒಂಬತ್ತು ಲೋಟ ಕಾಫಿ

ನಮ್ಮೂರಲ್ಲಿ ಹೊರಗಿನಿಂದ ಬಂದವರ ಮನೆಯ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಗಡುವು ಎಷ್ಟಿದೆ ಎಂದು ಕೇಳಬೇಕು. ಗಡುವು ಮುಗಿಯುತ್ತಾ ಬಂದಿದ್ದರೆ ಮೊಳೆ ಗೋಡೆಯಲ್ಲಿ ನಿಲ್ಲುವುದಿಲ್ಲ, ಬೆಣ್ಣೆಗೆ ಚುಚ್ಚಿದ ಹಾಗೆ ಆ ಕಡೆಗೆ ಹೋಗಿಬಿಡುತ್ತದೆ. ಇದೇ ಊರಲ್ಲಿ ಹುಟ್ಟಿದವರಿಗೆ ಈ ರಗಳೆ ಇಲ್ಲ. ನಮ್ಮ ಗೋಡೆಗಳು ಯಾವಾಗಲೂ ದಪ್ಪ, ಅದರ ಬೆಲೆಯೂ ನಮಗೆ ಗೊತ್ತಿಲ್ಲ. ಬಂದವರಿಗೆ ಮಾತ್ರ ಕಚೇರಿಯಲ್ಲಿ ಹದಿನೆಂಟು ತಿಂಗಳ ಗಡುವು ಬರೆದುಕೊಡುತ್ತಾರೆ. ಅದನ್ನು ಮುಂದಕ್ಕೆ ಹಾಕದೆ ಹೋದರೆ ಕಡೆಯ ಹತ್ತು ದಿನ ಗೋಡೆ ತೆಳುವಾಗುತ್ತಾ ಬರುತ್ತದೆ. ಮೊದಲು ಒಳಗಿನ ಮಾತು ಬೀದಿಗೆ ಕೇಳುತ್ತದೆ. ಆಮೇಲೆ ದೀಪದ ಬೆಳಕು ಕಾಣುತ್ತದೆ. ಆರನೇ ದಿನಕ್ಕೆ ಒಳಗೆ ಓಡಾಡುವವರು ಸೊಳ್ಳೆಪರದೆಯ ಆಚೆ ಇದ್ದಂತೆ ಕಾಣಿಸುತ್ತಾರೆ. ಹತ್ತನೇ ದಿನ ಗೋಡೆಯೇ ಇರುವುದಿಲ್ಲ. ಚಾವಣಿ ಹೇಗೆ ನಿಲ್ಲುತ್ತದೆ ಎಂದು ಕೇಳಬೇಡಿ, ನಿಲ್ಲುತ್ತದೆ. ಗೋಡೆ ಇಲ್ಲದವರನ್ನು ಬೆಳಿಗ್ಗೆ ಏಳರ ಬಸ್ಸಿಗೆ ಹತ್ತಿಸಿ ಬಂದ ಕಡೆಗೆ ಕಳಿಸುವುದು ಕಾಯಿದೆ.

ನಾನು ಆ ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವಳು. ಹೆಸರು ವಿಶಾಲಾಕ್ಷಿ, ಊರಿನ ಬಾಯಲ್ಲಿ ಅರ್ಜಿ ವಿಶಾಲಕ್ಕ. ಮೂವತ್ತೊಂದು ವರ್ಷದಿಂದ ಇದೇ ಮರ, ಇದೇ ಮೇಜು. ಅರ್ಜಿಯ ಜೊತೆಗೆ ಜನರ ಕಾಗದಗಳನ್ನೂ ಬರೆದುಕೊಡುತ್ತೇನೆ. ಮದುವೆ ಗೊತ್ತಾಗಿರಲಿ, ಎಮ್ಮೆ ಕರು ಹಾಕಿರಲಿ, ಮನೆಯ ಹಿರಿಯರು ಹೋಗಿಬಿಟ್ಟಿರಲಿ, ಕಾಗದ ಶುರುವಾಗುವುದು ಮಾತ್ರ ಒಂದೇ ಸಾಲಿನಿಂದ: 'ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು.' ಆ ಸಾಲನ್ನು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ನನ್ನ ನಾಲಗೆ ಸ್ವಲ್ಪ ಚುರುಕು ಎಂದು ಜನ ಹೇಳುತ್ತಾರೆ. ಅವರ ಅರ್ಜಿಗಳೆಲ್ಲ ಮಂಜೂರಾಗಿರುವುದರಿಂದ ಮೆಲ್ಲಗೆ ಹೇಳುತ್ತಾರೆ.

ಹನಾನ್ ನಮ್ಮೂರಿಗೆ ಬಂದು ಎಂಟು ವರ್ಷವಾಯಿತು. ಸಿರಿಯಾ ದೇಶದ ಅಲೆಪ್ಪೊದವಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳು ರೀಮ್‌ಳನ್ನು ಎತ್ತಿಕೊಂಡು, ಪಕ್ಕದಲ್ಲಿ ತಮ್ಮ ನಿಜಾರ್‌ನನ್ನು ಕಟ್ಟಿಕೊಂಡು ಬಂದಳು. ಅವಳ ಹಿಂದೆಯೇ ಅದೇ ದೇಶದ ಇನ್ನೂ ನಾಲ್ಕು ಸಂಸಾರ ಬಂದವು. ಹನಾನ್‌ಗೆ ಹಗ್ಗದ ಬೀದಿಯಲ್ಲಿ, ನನ್ನ ಮನೆಯಿಂದ ನಾಲ್ಕನೆಯದು, ಒಂದು ಮನೆ ಸಿಕ್ಕಿತು. ಅಕ್ಕ ತಮ್ಮ ಸೇರಿ ಹತ್ತಿ ಹಿಂಜಿ ರಜಾಯಿ ಹೊಲಿಯುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ಅವಳು ಹೊಲಿದ ರಜಾಯಿ ಹೊದೆಯದವರಿಲ್ಲ. ಎಂಟು ವರ್ಷದಲ್ಲಿ ಅವಳು ನಮ್ಮ ಮಾತು ಕಲಿತಳು, ನಮ್ಮ ಸೊಪ್ಪಿನ ಹೆಸರುಗಳನ್ನು ಕಲಿತಳು. ಆದರೆ ಆ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕ್ಯಾಲೆಂಡರ್ ಕೂಡ ಕುರ್ಚಿಯ ಮೇಲೆ ಒರಗಿರುತ್ತಿತ್ತು.

ನಾಲ್ಕು ಸಲ ಅವಳ ಗಡುವಿನ ಅರ್ಜಿ ಬರೆದವಳು ನಾನೇ. ಕಚೇರಿಯಲ್ಲಿ ಕಾಗದ ಅತ್ತಿತ್ತ ಓಡಾಡುವಷ್ಟರಲ್ಲಿ ಪ್ರತಿ ಸಲವೂ ಗೋಡೆ ಒಂದಿಷ್ಟು ತೆಳುವಾಗುತ್ತಿತ್ತು. ಬೀದಿಯವರು ಅದಕ್ಕೆ ಹೊಂದಿಕೊಂಡಿದ್ದರು. ಆ ದಿನಗಳಲ್ಲಿ ಹೆಂಗಸರು ಒಗೆದ ಸೀರೆಗಳನ್ನು ತಮ್ಮ ಹಿತ್ತಲು ಬಿಟ್ಟು ಹನಾನ್ ಮನೆಯ ಸುತ್ತ ಹರವುತ್ತಿದ್ದರು. ಪಕ್ಕದ ಮನೆಯ ಕೆಂಪಣ್ಣ, ಬಸ್ ಕಂಡಕ್ಟರಾಗಿ ನಿವೃತ್ತಿಯಾದವನು, ಆ ಮನೆ ದಾಟುವಾಗ ಹಳೆಯ ಸೀಟಿ ಊದಿ, "ಬರ್ತಾ ಇದೀನಮ್ಮೋ, ನಾನು ಈ ಕಡೆ ನೋಡ್ತಾ ಇಲ್ಲ!" ಎಂದು ಕೂಗಿಕೊಂಡೇ ಹೋಗುತ್ತಿದ್ದ. ಒಮ್ಮೆ ಹಾಗೆ ನೋಡದೆ ಹೋಗಿ ಚರಂಡಿಗೆ ಬಿದ್ದದ್ದೂ ಉಂಟು.

ಹೋದ ವರ್ಷ ರೇಡಿಯೋದಲ್ಲಿ ಸುದ್ದಿ ಬಂತು, ಅವರ ದೇಶದಲ್ಲಿ ಯುದ್ಧ ಮುಗಿಯಿತಂತೆ. ನಿಜಾರ್ ಅಂದೇ ಕುಣಿದಾಡಿದ. "ಹೋಗಿ ಮನೆ ನೋಡ್ಕೊಂಡು ಬರ್ತೀನಿ ಕೆಂಪಣ್ಣ, ನಿಮಗೆ ನಮ್ಮೂರ ಕೆಂಪು ಮೆಣಸಿನಪುಡಿ ತರ್ತೀನಿ. ನೀವು ಇಷ್ಟು ದಿನ ತಿಂದಿದ್ದು ಮೆಣಸಿನಕಾಯೇ ಅಲ್ಲ," ಎಂದು ಹೇಳಿ ಹೊರಟ. ಅವನು ಹೋಗಿ ತಿಂಗಳಾದ ಮೇಲೆ ಹನಾನ್ ಮನೆಯ ಕಾಫಿಗೆ ಸಕ್ಕರೆ ಬೀಳುವುದು ನಿಂತಿತು. ಅವರ ಕಾಫಿ ಪುಟ್ಟ ಬಟ್ಟಲಲ್ಲಿ ಕಪ್ಪಗಿರುತ್ತದೆ, ಸಕ್ಕರೆ ಇದ್ದರೇನೇ ನನಗೆ ಕಷ್ಟ. ಪಾಪ, ದುಡಿಯುವ ತಮ್ಮ ಇಲ್ಲದೆ ಕೈ ಬಿಗಿಯಾಗಿರಬೇಕು ಎಂದುಕೊಂಡು ನಾನೇ ಒಂದು ಕಿಲೋ ಸಕ್ಕರೆ ಕಟ್ಟಿಸಿಕೊಂಡು ಹೋಗಿ ಕೊಟ್ಟೆ. ಅವಳು ಪೊಟ್ಟಣವನ್ನು ಎದೆಗೆ ಅವುಚಿಕೊಂಡು, "ದೇವರು ನಿಮ್ಮ ಕೈ ಕಾಯಲಿ, ವಿಶಾಲಕ್ಕ," ಎಂದಳು. "ನಿಜಾರ್ ಹೇಗಿದ್ದಾನೆ?" ಎಂದೆ. "ಚೆನ್ನಾಗಿದ್ದಾನೆ, ದೇವರ ದಯೆ," ಎಂದಳು. ಕೆಂಪಣ್ಣ ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಮೆಣಸಿನಪುಡಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. "ಬರುತ್ತೆ, ಬರುತ್ತೆ," ಎಂದು ಅವಳು ನಗುತ್ತಿದ್ದಳು.

ಈ ಸಲ ಗಡುವಿಗೆ ಅರ್ಜಿ ಸಾಲದು ಎಂದು ಮೇಲಿನಿಂದ ಅಪ್ಪಣೆ ಬಂದಿತ್ತು. ಪ್ರತಿ ಮನೆಯಿಂದ ಒಬ್ಬರು ಒಳಗೆ ಹೋಗಿ ಗಡುವಿನ ಸಾಹೇಬರ ಮುಂದೆ ಕೂರಬೇಕು. ಸಾಹೇಬರು, ಬಿಟ್ಟು ಬಂದ ಊರಲ್ಲಿ ಈಗ ಎಲ್ಲಾ ಕ್ಷೇಮವೇ ಎಂದು ಕೇಳಬೇಕು, ಹೇಳಿದ ಉತ್ತರವನ್ನು ಹಾಗೆಯೇ ರಿಜಿಸ್ಟರಿಗೆ ಬರೆಯಬೇಕು. ಕ್ಷೇಮ ಎಂದಾದರೆ ಗಡುವು ಮುಂದಕ್ಕೆ ಹೋಗುವುದಿಲ್ಲ. ಸಾಹೇಬರ ಹೆಸರು ಪುಟ್ಟಮಾದಪ್ಪ. ಕೆಟ್ಟವರಲ್ಲ. ಹೆಂಡತಿ ತೀರಿಹೋದ ಮೇಲೆ ಕಚೇರಿಯ ಮೂಲೆಯಲ್ಲೇ ಒಲೆ ಇಟ್ಟುಕೊಂಡು ಬಂದವರಿಗೆಲ್ಲ ತಾವೇ ಡಿಕಾಕ್ಷನ್ ಇಳಿಸಿ ಕಾಫಿ ಮಾಡಿಕೊಡುತ್ತಾರೆ. ಅದರ ಬಗ್ಗೆ ಅವರಿಗೆ ಜಂಬವೂ ಇದೆ. ಐದು ಮನೆಯವರನ್ನೂ ನಾನೇ ಬಾಗಿಲವರೆಗೆ ಬಿಟ್ಟು, "ಮರ್ಯಾದೆಯಾಗಿ ಮಾತಾಡಿ," ಎಂದು ಬುದ್ಧಿ ಹೇಳಿ ಕಳಿಸಿದೆ. ಈಗ ನೆನೆದರೆ ಆ ನಾಲಗೆಯನ್ನು ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ಸಾಹೇಬರು ಮರದ ಕೆಳಗೆ ಬಂದರು, ಮುಖ ಅರಳಿತ್ತು. "ವಿಶಾಲಮ್ಮನೋರೇ, ಐದು ಮನೇರೂ ಒಂದೇ ಮಾತು ಹೇಳಿದ್ರು. ಎಲ್ಲಾ ಚೆನ್ನಾಗಿದೆಯಂತೆ, ದೇವರ ದಯೆ ಅಂತೆ. ನಂಗೆ ಕಣ್ಣಲ್ಲಿ ನೀರೇ ಬಂತು ನೋಡಿ. ಎಷ್ಟು ವರ್ಷ ಆಗಿತ್ತು ಪಾಪ, ಇನ್ನು ಆರಾಮಾಗಿ ಮನೆಗೆ ಹೋಗ್ಬೋದು." ನನ್ನ ಕೈಯಿಂದ ಪೆನ್ನು ಬಿತ್ತು. ನಾನು ಅದನ್ನು ಎತ್ತಿಕೊಳ್ಳಲೂ ಇಲ್ಲ, ನೇರವಾಗಿ ಹಗ್ಗದ ಬೀದಿಗೆ ಹೋದೆ.

ಗೋಡೆ ಆಗಲೇ ಮೊದಲನೇ ದಿನದ ಗೋಡೆಯಾಗಿತ್ತು. ಬೀದಿಯಿಂದಲೇ ಹತ್ತಿ ಹಿಂಜುವ ಸದ್ದು ಕೇಳುತ್ತಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ, "ಏನೇ ಹೇಳ್ದೆ ನೀನು ಅಲ್ಲಿ?" ಎಂದೆ.

"ಎಲ್ಲಾ ಚೆನ್ನಾಗಿದೆ ಅಂದೆ, ಅಕ್ಕ."

"ನಿನ್ನ ತಲೆಗೇನಾಗಿದೆ? ಅಲ್ಲಿ ನಿನಗೆ ಮನೆ ಇದೆಯಾ?"

"ಇಲ್ಲ."

"ನೀರು, ಕರೆಂಟು?"

"ಇಲ್ಲ."

"ಮತ್ತೆ ಯಾವ ಬಾಯಲ್ಲಿ ಚೆನ್ನಾಗಿದೆ ಅಂದೆ?"

ಅವಳು ಹತ್ತಿಯನ್ನು ಪಕ್ಕಕ್ಕೆ ಸರಿಸಿದಳು. "ಅಕ್ಕ, ಅವರು ತಾವೇ ಎದ್ದು ಕಾಫಿ ಮಾಡಿ ಕೈಗೆ ಕೊಟ್ಟರು. ನಾನು ಎರಡು ಗುಟುಕು ಕುಡಿದೆ. ಆಮೇಲೆ ಊರಲ್ಲಿ ಎಲ್ಲಾ ಕ್ಷೇಮವಾ ಅಂತ ಕೇಳಿದರು. ಕಾಫಿ ಕೊಟ್ಟವರ ಮುಂದೆ ಸತ್ತವರ ಹೆಸರು ಹೇಗೆ ಹೇಳೋದು? ಅವರ ಕಾಫಿಗೆ ನಮ್ಮ ದುಃಖ ಸುರಿದ ಹಾಗಲ್ವಾ? ಹೇಗಿದ್ದೀರಿ ಅಂದರೆ ಚೆನ್ನಾಗಿದೀವಿ ಅನ್ನಬೇಕು. ನಮ್ಮಮ್ಮ ಹಾಗೇ ಕಲಿಸಿದ್ದು. ಆ ನಾಲ್ಕು ಮನೆಯವರಿಗೂ ಅವರಮ್ಮಂದಿರು ಹಾಗೇ ಕಲಿಸಿರಬೇಕು."

"ಸತ್ತವರು ಅಂದ್ಯಲ್ಲ," ಎಂದೆ. "ನಿನ್ನ ಗಂಡನ ವಿಷಯ ಸಾಹೇಬರಿಗೆ ಮೊದಲೇ ಗೊತ್ತು. ಮತ್ತಿನ್ಯಾರೇ?"

ಅವಳು ಬೆರಳಿಗೆ ಅಂಟಿದ ಹತ್ತಿಯನ್ನು ಬಿಡಿಸುತ್ತಾ, "ನಿಜಾರ್," ಎಂದಳು.

ಅವನು ಅವರ ಬೀದಿಯವರೆಗೆ ತಲುಪಿದ್ದನಂತೆ. ಅರ್ಧ ಮನೆ ನಿಂತಿತ್ತಂತೆ, ಬಾಗಿಲು ಮಾತ್ರ ಗಟ್ಟಿಯಾಗಿತ್ತಂತೆ. ಅಕ್ಕನಿಗೆ ಫೋನು ಮಾಡಿ, ಬಾಗಿಲಿಗೆ ಬಳಿದ ಹಸಿರು ಬಣ್ಣ ಕೂಡ ಹಾಗೇ ಇದೆ ಎಂದು ನಕ್ಕನಂತೆ. ಹೊಸ್ತಿಲ ಕೆಳಗೆ ಯಾರೋ ಎಂದೋ ಹೂತಿಟ್ಟ ಬಾಂಬು ಇತ್ತು. ಯುದ್ಧ ಮುಗಿದಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅವನು ಬಾಗಿಲು ತಳ್ಳಿದ ಸದ್ದನ್ನು ಹನಾನ್ ಫೋನಿನಲ್ಲೇ ಕೇಳಿದಳು.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದೆ.

"ನೀವು ಬಂದಾಗೆಲ್ಲ ಅವನು ಹೇಗಿದ್ದಾನೆ ಅಂತ ಕೇಳ್ತಿದ್ರಿ ಅಕ್ಕ. ಇದ್ದಾನಾ ಅಂತ ಕೇಳಲಿಲ್ಲ." ಆಮೇಲೆ ಅವಳೇ ನನ್ನ ಕೈ ಹಿಡಿದು ಸಮಾಧಾನ ಮಾಡುವವಳಂತೆ ಹೇಳಿದಳು, "ಸಾವಾದ ಮನೇಲಿ ನಲವತ್ತು ದಿನ ನಾವು ಕಾಫಿಗೆ ಸಕ್ಕರೆ ಹಾಕಲ್ಲ." ಮೂಲೆಯ ಡಬ್ಬಗಳ ನಡುವೆ ನಾನು ಕೊಟ್ಟ ಪೊಟ್ಟಣ ಇತ್ತು, ದಾರ ಕೂಡ ಬಿಚ್ಚಿರಲಿಲ್ಲ. ನಲವತ್ತು ದಿನ ಅವಳು ಒಬ್ಬಳೇ ತಮ್ಮನ ಕಹಿ ಕಾಫಿ ಕುಡಿದಿದ್ದಳು. ನಾನು ಅವಳ ಎದುರು ಕೂತು ಅದೇ ಕಾಫಿ ಕುಡಿದು ಮುಖ ಕಿವಿಚಿದ್ದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಆಗ ಗೋಡೆಯ ಆಚೆಯಿಂದ ಯಾರೋ ಬಿಕ್ಕಿದ ಸದ್ದಾಯಿತು. ಕೆಂಪಣ್ಣ. ಬೇಕೆಂದು ಕೇಳಿಸಿಕೊಂಡವನಲ್ಲ, ಗೋಡೆ ತೆಳುವಾಗಿತ್ತು. ಬಾಗಿಲಿಗೆ ಬಂದು ನಿಂತು, "ಅಯ್ಯೋ ನನ್ನ ತಾಯಿ, ದಿನಾ ಮೆಣಸಿನಪುಡಿ ಮೆಣಸಿನಪುಡಿ ಅಂತ ನಿನ್ನ ಜೀವ ತಿಂದ್ನಲ್ಲಮ್ಮಾ," ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಹನಾನ್ ಎದ್ದು ಅವನಿಗೆ ನೀರು ಕೊಟ್ಟಳು.

ಕಾಯಿದೆಯ ಸಂದುಗೊಂದು ನನಗೆ ಗೊತ್ತು. ಗೋಡೆ ಪೂರ್ತಿ ಹೋಗುವ ತನಕ ಸಾಹೇಬರು ಮತ್ತೊಮ್ಮೆ ವಿಚಾರಿಸಬಹುದು. ಆದರೆ ಬೇರೆಯವರು ಹೇಳಿದರೆ ನಡೆಯುವುದಿಲ್ಲ, ಆ ಮನೆಯವರೇ ಬಾಯಿ ಬಿಡಬೇಕು. ಹನಾನ್ ಆಗದು ಎಂದು ತಲೆಯಾಡಿಸಿಬಿಟ್ಟಳು. "ಮತ್ತೆ ಕಾಫಿ ಕೊಡ್ತಾರೆ ಅಕ್ಕ. ಮತ್ತೆ ನನ್ನ ಬಾಯಿಂದ ಅದೇ ಬರುತ್ತೆ." ಬೈದೆ, ಬೇಡಿದೆ, ಹನ್ನೆರಡು ವರ್ಷದ ರೀಮ್‌ಳ ಶಾಲೆಯ ನೆನಪು ಮಾಡಿಕೊಟ್ಟೆ. ಅವಳು ಅತ್ತಳೇ ಹೊರತು ಆಗುತ್ತದೆ ಎನ್ನಲಿಲ್ಲ. ಹೀಗೇ ನಾಲ್ಕು ದಿನ ಕಳೆಯಿತು. ಬೀದಿಯ ಸೀರೆಗಳೆಲ್ಲ ಆ ಮನೆಯ ಸುತ್ತ ಬಂದವು. ಸೀರೆ ಸಾಲದೆ ಜನ ಅವಳೇ ಹೊಲಿದುಕೊಟ್ಟ ರಜಾಯಿಗಳನ್ನು ತಂದು ಹಗ್ಗಕ್ಕೆ ಇಳಿಬಿಟ್ಟರು.

ದಾರಿ ಸಿಕ್ಕಿದ್ದು ಕೆಂಪಣ್ಣನಿಗೆ. ಐದನೇ ದಿನ ಸಂಜೆ ಅವನು, "ಅಲ್ಲಮ್ಮಾ, ನಿಮ್ಮ ಕಡೆ ದೊಡ್ಡೋರ ಹತ್ರ ಏನಾದ್ರೂ ಕೇಳ್ಲೇಬೇಕು ಅಂದ್ರೆ ಹೆಂಗೆ ಕೇಳ್ತಾರೆ? ಕೇಳೋದೇ ಇಲ್ವಾ?" ಎಂದ.

"ಕೇಳ್ತಾರೆ," ಎಂದಳು ಹನಾನ್. "ಆದರೆ ಒಬ್ಬರೇ ಹೋಗಲ್ಲ. ಬೀದಿಯ ಹಿರಿಯರು ಜೊತೆಗೆ ಹೋಗ್ತಾರೆ. ಮನೆಯವರು ಕಾಫಿ ಕೊಡ್ತಾರೆ. ಬಂದವರು ಕುಡಿಯದೆ ಬಟ್ಟಲನ್ನ ಕೆಳಗೆ ಇಟ್ಟುಬಿಡ್ತಾರೆ. ಎಲ್ಲರೂ. ಯಾಕೆ ಅಂತ ಮನೆಯವರು ಕೇಳಲೇಬೇಕು. ಬಟ್ಟಲು ಕೆಳಗಿಟ್ಟ ಮೇಲೆ ಏನು ಬೇಕಾದರೂ ಹೇಳಬಹುದು. ಆಗ ನಾವು ಅತಿಥಿಗಳಲ್ಲ."

"ಇಷ್ಟೇ ತಾನೆ?" ಎಂದೆ ನಾನು.

"ಕಾಫಿ ಕುಡೀದೆ ಸುಮ್ನೆ ಮುಂದಿಟ್ಕೊಂಡು ಕೂರೋದಾ?" ಎಂದ ಕೆಂಪಣ್ಣ. ದಿನಕ್ಕೆ ಏಳು ಲೋಟ ಕುಡಿಯುವ ಮನುಷ್ಯ. ಉಗುಳು ನುಂಗಿಕೊಂಡು, "ಆಗ್ಲಿ, ಬರ್ತೀನಿ," ಎಂದ.

ಮರುದಿನ ಹತ್ತು ಗಂಟೆಗೆ ಹಗ್ಗದ ಬೀದಿಯಿಂದ ಎಂಟು ಜನ ಕಚೇರಿಗೆ ಹೋದೆವು. ಹನಾನ್, ನಾನು, ಕೆಂಪಣ್ಣ, ಬೀದಿಯ ಇನ್ನೂ ಐದು ಮನೆಯ ಹಿರಿಯರು. ಎಲ್ಲರೂ ಮಡಿಕೆ ಬಿಚ್ಚಿದ ಬಟ್ಟೆ ಉಟ್ಟಿದ್ದರು. ಸಾಹೇಬರಿಗೆ ಸಂಭ್ರಮವೋ ಸಂಭ್ರಮ. ಇಷ್ಟು ಜನ ಒಟ್ಟಿಗೆ ಬಂದದ್ದು ಕಂಡು ಹೊಸದಾಗಿ ಡಿಕಾಕ್ಷನ್ ಇಳಿಸಿದರು, ಹಾಲು ಉಕ್ಕಿಸಿದರು, ತಮ್ಮದೂ ಸೇರಿಸಿ ಒಂಬತ್ತು ಲೋಟಕ್ಕೆ ನೊರೆ ಬರುವ ಹಾಗೆ ಎತ್ತಿ ಹೊಯ್ದು ಕೊಟ್ಟರು. ಹನಾನ್ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು. ಬಾಗಿ ಅದನ್ನು ನೆಲದ ಮೇಲೆ ಇಟ್ಟಳು. ಅವಳ ಪಕ್ಕದಲ್ಲಿ ನಾನು ಇಟ್ಟೆ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಕೆಂಪಣ್ಣ ಒಮ್ಮೆ ಆಳವಾಗಿ ಮೂಸಿ, ಕಡೆಯವನಾಗಿ ಇಟ್ಟ.

ಸಾಹೇಬರು ತಮ್ಮ ಲೋಟವನ್ನು ತುಟಿಯವರೆಗೆ ತಂದವರು ಅಲ್ಲೇ ನಿಲ್ಲಿಸಿದರು. "ಯಾಕ್ರಪ್ಪಾ, ಹಾಲು ಒಡೆದಿದೆಯಾ?" ಒಲೆಯ ಮೇಲಿನ ಪಾತ್ರೆಯನ್ನು ಬಗ್ಗಿ ನೋಡಿದರು. "ಡಿಕಾಕ್ಷನ್ ತೆಳುವಾಯ್ತಾ?" ನೊರೆ ಇಳಿಯಿತು. ಕಾಫಿಯ ಮೇಲೆ ಕೆನೆ ಕಟ್ಟತೊಡಗಿತು. ಮನುಷ್ಯನ ಮುಖ ಸಣ್ಣದಾಯಿತು. ಕಡೆಗೆ ತಮ್ಮ ಲೋಟವನ್ನೂ ಮೇಜಿನ ಮೇಲಿಟ್ಟು ಹನಾನ್ ಕಡೆ ತಿರುಗಿ, "ಏನಾಯ್ತು ತಾಯಿ? ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದರು.

"ತಪ್ಪು ನನ್ನದು," ಎಂದಳು ಹನಾನ್. "ಎಲ್ಲಾ ಚೆನ್ನಾಗಿದೆ ಅಂದೆ. ಚೆನ್ನಾಗಿಲ್ಲ ಸಾಹೇಬರೇ. ನನ್ನ ತಮ್ಮ ನಮ್ಮ ಮನೆಯ ಹೊಸ್ತಿಲಲ್ಲಿ ಸತ್ತ. ಯುದ್ಧ ಮುಗಿದ ಮೇಲೆ ಸತ್ತ. ನನ್ನ ಮಗಳನ್ನ ಆ ಹೊಸ್ತಿಲು ದಾಟಿಸಬೇಡಿ."

ಸಾಹೇಬರು ರಿಜಿಸ್ಟರು ತೆರೆದು, ಅವಳ ಹೆಸರಿನ ಮುಂದೆ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. "ಎಲ್ಲಾ ಕ್ಷೇಮ ಅಂತ ಬರೆದಾಗಿದೆಯಲ್ಲಮ್ಮಾ. ಇದರಲ್ಲಿ ಬರೆದಿದ್ದನ್ನ ಹೊಡೆದುಹಾಕೋ ಅಧಿಕಾರ ನಂಗಿಲ್ಲ. ಹೊಡೆದ್ರೆ ಮೇಲಿನೋರು ಒಪ್ಪಲ್ಲ."

ನಾನು ಎದ್ದು ನಿಂತೆ. "ಹೊಡೆಯೋದು ಬೇಡ ಸಾಹೇಬ್ರೇ. ನಿಮ್ಮ ಮನೆಯವರು ಹೋದಾಗ ಮಗಳಿಗೆ ಕಾಗದ ಬರೆಸೋಕೆ ನನ್ನ ಹತ್ರ ಬಂದಿದ್ರಿ. ನಿಮ್ಮ ಕೈ ಆಡ್ತಿರಲಿಲ್ಲ. ಮೊದಲನೇ ಸಾಲು ಏನಂತ ಬರೆಸಿದ್ರಿ, ನೆನಪಿದೆಯಾ?"

ಅವರು ಕಿಟಕಿಯ ಕಡೆ ತಿರುಗಿದರು. "ನಾವೆಲ್ಲರೂ ಇಲ್ಲಿ ಕ್ಷೇಮ," ಎಂದರು.

"ಕ್ಷೇಮ ಇತ್ತಾ?"

ಅವರು ಇಲ್ಲ ಎಂದು ತಲೆಯಾಡಿಸಿದರು.

"ಆಮೇಲೆ ಏನಂತ ಬರೆಸಿದ್ರಿ?"

"ತರುವಾಯ ತಿಳಿಸೋದೇನಂದ್ರೆ," ಎಂದು ಶುರು ಮಾಡಿದವರು ಮುಂದೆ ಹೇಳಲಾರದೆ ಹೋದರು. ಕನ್ನಡಕ ಒರೆಸಿ ಹಾಕಿಕೊಂಡು ಪೆನ್ನು ತೆಗೆದರು. 'ಎಲ್ಲಾ ಕ್ಷೇಮ' ಎಂಬ ಸಾಲನ್ನು ಮುಟ್ಟಲಿಲ್ಲ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ 'ತರುವಾಯ ತಿಳಿಸುವುದೇನೆಂದರೆ' ಎಂದು ಬರೆದು, ಪೆನ್ನು ಎತ್ತದೆ, "ಈಗ ಹೇಳಿ ತಾಯಿ, ನಿಧಾನಕ್ಕೆ ಹೇಳಿ," ಎಂದರು.

ಹನಾನ್ ಹೇಳಿದಳು. ಹಸಿರು ಬಾಗಿಲಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಬೀದಿಯಲ್ಲಿ ಯಾವ ಯಾವ ಮನೆ ಇಲ್ಲ, ಬಾವಿಯಲ್ಲಿ ಏನಿದೆ, ಶಾಲೆ ಇದ್ದ ಜಾಗದಲ್ಲಿ ಏನಿದೆ, ಯಾರು ಹಿಂದಿರುಗಿದರು, ಅವರಲ್ಲಿ ಯಾರು ಉಳಿದರು. ಸಾಹೇಬರು ಒಂದೂವರೆ ಪುಟ ಬರೆದರು. ನಡುವೆ ಎರಡು ಸಲ ಪೆನ್ನು ನಿಲ್ಲಿಸಿ ಸುಧಾರಿಸಿಕೊಂಡರು. ಕಡೆಗೆ ಮೊಹರು ಒತ್ತಿ, "ಹದಿನೆಂಟು ತಿಂಗಳು," ಎಂದರು. ನನಗೆ ಸಿಟ್ಟು ಬಂತು. "ಎಂಟು ವರ್ಷ ಆಯ್ತು, ಹೊಸ್ತಿಲಲ್ಲಿ ತಮ್ಮ ಹೋದ, ಇನ್ನೂ ಹದಿನೆಂಟೇ ತಿಂಗಳಾ?" ಎಂದೆ. "ನನ್ನ ಕೈಯಲ್ಲಿರೋದು ಅಷ್ಟೇ ವಿಶಾಲಮ್ಮನೋರೇ. ಮೇಲಿನೋರಿಗೆ ನೀವು ಬರೀರಿ, ನಾನೂ ಸಹಿ ಹಾಕ್ತೀನಿ," ಎಂದರು. ಅಂದಿನಿಂದ ತಿಂಗಳಿಗೆ ಎರಡರಂತೆ ಬರೆಯುತ್ತಿದ್ದೇನೆ. ಪ್ರತಿಯೊಂದಕ್ಕೂ ಅವರ ಸಹಿ ಇದೆ.

"ಈಗ ಕುಡೀಬೋದಾ?" ಎಂದ ಕೆಂಪಣ್ಣ. ಹನಾನ್ ಬಾಗಿ ತನ್ನ ಲೋಟ ಎತ್ತಿಕೊಂಡಳು. ಆರಿ ತಣ್ಣಗಾದ ಒಂಬತ್ತು ಲೋಟ ಕಾಫಿಯನ್ನು ಕೆನೆ ಸಮೇತ ಎಲ್ಲರೂ ಕುಡಿದೆವು. ಬಿಸಿ ಮಾಡಿಕೊಡುತ್ತೇನೆ ಎಂದು ಸಾಹೇಬರು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಉಳಿದ ನಾಲ್ಕು ಮನೆಯವರನ್ನು ಅವರು ಅಂದೇ ಮತ್ತೆ ಕರೆಸಿದರು. ಈಗ ನಮ್ಮ ಕಚೇರಿಯಲ್ಲಿ ಕಾಫಿ ಕೊಡುವುದು ಪ್ರಶ್ನೆ ಕೇಳಿ ಮುಗಿದ ಮೇಲೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹನಾನ್ ಮನೆಯ ಗೋಡೆ ಅರ್ಧ ದಪ್ಪಕ್ಕೆ ಬಂದಿತ್ತು. ಜನ ತಮ್ಮ ತಮ್ಮ ಸೀರೆ, ರಜಾಯಿ ಮಡಿಸಿಕೊಂಡು ಹೋಗುತ್ತಿದ್ದರು. ನಾನು ಹೋದಾಗ ಅವಳು ಸ್ಟೂಲಿನ ಮೇಲೆ ನಿಂತಿದ್ದಳು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೊಳೆ. ಸ್ಟೂಲು ಹಿಡಿದುಕೊಂಡಿದ್ದ ರೀಮ್‌ಳ ಕಂಕುಳಲ್ಲಿ ನಿಜಾರ್‌ನ ಕಟ್ಟು ಹಾಕಿಸಿದ ಫೋಟೋ ಇತ್ತು. "ಹದಿನೆಂಟು ತಿಂಗಳಿಗೆ ಮೊಳೆ ಹೊಡೀತೀಯಾ?" ಎಂದೆ. "ಅವನನ್ನ ಕುರ್ಚಿ ಮೇಲೆ ಒರಗಿಸೋಕೆ ಆಗಲ್ಲ ಅಕ್ಕ," ಎಂದು ಹೊಡೆದಳು. ಗೋಡೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ಮೊಳೆಯ ತುದಿ ಒಂದು ಬೆರಳಿನಷ್ಟು ಕೆಂಪಣ್ಣನ ಅಂಗಳದ ಕಡೆಗೆ ಹೊರಬಂತು. ಅವನು ಆ ಕಡೆಯಿಂದ ಅದನ್ನು ಅಲುಗಾಡಿಸಿ ನೋಡಿ, "ಗಟ್ಟಿಯಾಗಿದೆ ಕಣಮ್ಮಾ, ನಂಗೆ ಸೀಟಿ ನೇತು ಹಾಕೋಕೆ ಆಯ್ತು. ಇನ್ನು ಇದನ್ನ ಯಾರು ಕೀಳ್ತಾರೋ ನಾನೂ ನೋಡ್ತೀನಿ," ಎಂದು ಕೂಗಿದ.

ಅಷ್ಟರಲ್ಲಿ ಬೀದಿಯವರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿ ಕೂತರು. ಯಾರೂ ಕರೆದಿರಲಿಲ್ಲ. ನಿಜಾರ್ ಹೋಗಿ ನಲವತ್ತು ದಿನ ಎಂದೋ ದಾಟಿತ್ತು, ಆದರೆ ಅವನಿಗಾಗಿ ನಾವು ಯಾರೂ ಇನ್ನೂ ಕೂತಿರಲಿಲ್ಲ. ಹನಾನ್ ಕಾಫಿಗೆ ಇಟ್ಟು, ಮೂಲೆಯ ಸಕ್ಕರೆ ಪೊಟ್ಟಣಕ್ಕೆ ಕೈ ಹಾಕಿದಳು. "ಬೇಡ," ಎಂದೆ. "ಎಲ್ಲರಿಗೂ ಹಾಗೇ ಕೊಡು." ಪುಟ್ಟ ಬಟ್ಟಲುಗಳು ಬಂದವು. ಕೆಂಪಣ್ಣ ಒಂದು ಗುಟುಕಿಗೇ ಕಣ್ಣು ಮುಚ್ಚಿಕೊಂಡ, ಆದರೆ ತಳದವರೆಗೂ ಕುಡಿದ, ಇನ್ನೊಂದು ಬಟ್ಟಲನ್ನೂ ಕೇಳಿ ಪಡೆದ. ನಾನೂ ಮುಖ ಕಿವಿಚದೆ ಕುಡಿದು ಮುಗಿಸಿದೆ. ಆಮೇಲೆ ಎಂಟು ವರ್ಷದಿಂದ ಕೇಳುತ್ತಾ ಬಂದದ್ದನ್ನೇ ಮತ್ತೊಮ್ಮೆ ಕೇಳಿದೆ.

"ಹೇಗಿದ್ದೀಯೇ ಹನಾನ್?"

ಅವಳು ಗೋಡೆಯ ಮೇಲಿನ ತಮ್ಮನನ್ನು ನೋಡಿದಳು. ಮೊಳೆಯನ್ನು ನೋಡಿದಳು. ನನ್ನ ಪಕ್ಕದಲ್ಲಿ ಬಂದು ಕೂತು, ತಲೆಯನ್ನು ನನ್ನ ಹೆಗಲಿಗೆ ಇಟ್ಟಳು.

"ಚೆನ್ನಾಗಿಲ್ಲ, ಅಕ್ಕ," ಎಂದಳು.